ಗಾಡಿಯೇ ಮನೆಯಾದವರಿಗೆ ದಾರಿ ತೋರುವ ಪಾಟಿ

(ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಕಾವ್ಯ, ನಾಟಕ, ನಾಡಿನ ಇತಿಹಾಸ ಮುಂತಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡುತ್ತಾರೆ. ನಾನು ಸಾಗಣೆ ಕಚೇರಿಯೊಂದರಲ್ಲಿ ಬಿಲ್ಟಿ ಬರೆಯುವ ಗುಮಾಸ್ತ. ನನಗೆ ಗೊತ್ತಿರುವುದು ಲಾರಿ, ಟೆಂಪೊ, ವ್ಯಾನುಗಳ ಸಂಗತಿ. ಅವುಗಳೊಳಗೇ ಹಗಲಿರುಳು ಕಳೆಯುವ ನಮ್ಮ ಜನರ ಸಂಗತಿ. ಆದಕಾರಣ ಈಚೆಗೆ ಅವರ ಕೈಗೆ ಬಂದಿರುವ ಒಂದು ಸಾಧನವನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. ಟ್ಯಾಬ್ಲೆಟ್ ಎಂದು ಅದರ ಹೆಸರು. ಮೊದಲ ಸಲ ಈ ಮಾತು ಕೇಳಿದವರು ಔಷಧದ ಮಾತ್ರೆಯೆಂದೇ ತಿಳಿಯುತ್ತಾರೆ. ನಮ್ಮ ಉತ್ತರ ಕರ್ನಾಟಕದ ಚಾಲಕರು ಮಾತ್ರ ಅದನ್ನು ನೋಡಿದ ಕೂಡಲೆ ‘ಪಾಟಿ’ ಎಂದು ಕರೆದುಬಿಟ್ಟರು. ಹುಡುಗರು ಸಾಲೆಗೆ ಒಯ್ಯುತ್ತಿದ್ದ ಪಾಟಿಯ ಅಳತೆ, ಆಕಾರ ಎರಡೂ ಅದಕ್ಕಿವೆ. ಇಷ್ಟು ಒಳ್ಳೆಯ ಹೆಸರು ಇರುವಾಗ ಬೇರೆ ಹುಡುಕುವ ಗೊಡವೆ ನನಗಿಲ್ಲ.

ಗಾಡಿಯಲ್ಲಿ ವಾಸಿಸುವುದೆಂದರೆ ವಿದೇಶದ ಮಾತೆಂದು ಕೆಲವರು ಭಾವಿಸಿದ್ದಾರೆ. ಅಮೆರಿಕದಲ್ಲಿ ಮನೆಯ ಬಾಡಿಗೆ ಕೊಡಲಾರದೆ ವ್ಯಾನುಗಳಲ್ಲೇ ಬಾಳುತ್ತ, ಊರೂರಿಗೆ ಕೂಲಿಗೆ ಹೋಗುವ ವಯಸ್ಸಾದವರನ್ನು ಕುರಿತು ಜೆಸ್ಸಿಕಾ ಬ್ರೂಡರ್ ಎಂಬವರು 2017ರಲ್ಲಿ ಒಂದು ಪುಸ್ತಕವನ್ನೇ ಬರೆದರು. ‘ನೋಮ್ಯಾಡ್‌ಲ್ಯಾಂಡ್’ ಎಂಬ ಹೆಸರಿನಲ್ಲಿ ಅದು ಚಲನಚಿತ್ರವಾಗಿ 2021ರಲ್ಲಿ ಆಸ್ಕರ್ ಬಹುಮಾನವನ್ನೂ ಪಡೆಯಿತು. ಆದರೆ ಕಳಂಬೋಲಿಯಲ್ಲೋ, ವಾಶಿಯ ಮಾರುಕಟ್ಟೆಯ ಹೊರಗೋ ರಾತ್ರಿ ಹತ್ತು ಗಂಟೆಗೆ ಒಮ್ಮೆ ನಡೆದು ನೋಡಿ. ಸೀಟಿನ ಹಿಂದಿನ ಹಲಗೆಯೇ ಮಂಚ; ಟೈರಿನ ಮರೆಯಲ್ಲಿ ಸ್ಟೋವು; ಕನ್ನಡಿಯ ಕಂಬಿಗೆ ಒಣಗಲು ಹಾಕಿದ ಅಂಗಿ. ಊರಲ್ಲಿ ಮನೆ ಉಂಟು, ಹೆಂಡತಿ ಮಕ್ಕಳುಂಟು. ಮುಂಬಯಿಯಲ್ಲಿ ಕೋಣೆ ಇಲ್ಲ. ತಿಂಗಳಲ್ಲಿ ಇಪ್ಪತ್ತೈದು ದಿನ ಅವರು ಮಲಗುವುದು ಗಾಡಿಯಲ್ಲಿಯೇ. ಅವರಿಗೆ ವ್ಯಾನಿನ ಬಾಳು ವಿಲಾಸವೂ ಅಲ್ಲ, ಸಾಹಸವೂ ಅಲ್ಲ. ಅದು ಅವರ ನೌಕರಿ.

ಇಂಥವರಿಗೆ ಪಾಟಿ ಎರಡು ಕೆಲಸಕ್ಕೆ ಬೇಕು. ಗಾಡಿ ಓಡುವಾಗ ದಾರಿ ಹೇಳಬೇಕು. ಗಾಡಿ ನಿಂತಾಗ ಬೇಸರ ಕಳೆಯಬೇಕು. ದೂರವಾಣಿಯ ಸಣ್ಣ ಪರದೆಯಲ್ಲಿ ನಕಾಶೆಯ ಅಕ್ಷರ ಕಾಣುವುದಿಲ್ಲ, ನಲವತ್ತು ದಾಟಿದ ಕಣ್ಣಿಗಂತೂ ಕಾಣುವುದೇ ಇಲ್ಲ. ಅದಕ್ಕಾಗಿಯೇ ಎಂಟು ಹತ್ತು ಅಂಗುಲದ ಪಾಟಿಗೆ ಇಷ್ಟು ಗಿರಾಕಿ. ಕಂತಿನ ಮೇಲೆ ಕೊಳ್ಳುವವರೇ ಹೆಚ್ಚು. ಕೊಳ್ಳುವಾಗಲೇ ಮೋಸಹೋಗುವವರೂ ಇದ್ದಾರೆ.

ವಿಜಯಪುರದ ಕಡೆಯ ಒಬ್ಬ ಚಾಲಕರ ಮಾತು ಹೇಳುತ್ತೇನೆ. ಅವರು ಒಂದು ಅಂಗಡಿಯಲ್ಲಿ ಪಾಟಿಯೊಂದನ್ನು ಕೊಂಡರು. ಅಂಗಡಿಯವನು ಒಳಗೆ ನಿಂತು ನಕಾಶೆ ತೆರೆದು ತೋರಿಸಿದ. ಇವರು ನಿಂತ ಜಾಗದ ಮೇಲೆ ನೀಲಿ ಚುಕ್ಕೆ ಸರಿಯಾಗಿ ಬಂತು. ಹಣ ಕಟ್ಟಿ, ಕಳಂಬೋಲಿಯಲ್ಲಿ ಉಕ್ಕಿನ ಸರಕು ತುಂಬಿಕೊಂಡು ಮಂಗಳೂರಿಗೆ ಹೊರಟರು. ಮರುದಿನ ನನಗೆ ದೂರವಾಣಿಯಲ್ಲಿ, “ಸಾಹೇಬ್ರ, ನಾ ಚಿಪ್ಳೂಣಕ್ಕ ಬಂದೀನ್ರಿ. ಈ ಪಾಟಿ ಇನ್ನೂ ಕಳಂಬೋಲ್ಯಾಗ ಚಹಾ ಕುಡ್ಕೋತ ಕುಂತದ!” ಎಂದರು. ಪಾಟಿ ಕೆಟ್ಟಿರಲಿಲ್ಲ. ಅದರೊಳಗೆ ಜಿ.ಪಿ.ಎಸ್. ಎಂಬ ಅಂಗವೇ ಇರಲಿಲ್ಲ. ಅಂಗಡಿಯಲ್ಲಿ ಚುಕ್ಕೆ ತೋರಿಸಿದ್ದು ಸುತ್ತಮುತ್ತಲಿನ ವೈ-ಫೈ ಯಂತ್ರಗಳ ಗುರುತು ಹಿಡಿದು. ಘಟ್ಟದ ದಾರಿಯಲ್ಲಿ ವೈ-ಫೈ ಎಲ್ಲಿಂದ ಬಂದೀತು?

ಈ ಜಿ.ಪಿ.ಎಸ್. ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕ ಸರಕಾರದ ಉಪಗ್ರಹಗಳು ಸುತ್ತುತ್ತಿವೆ. ಮೊದಲನೆಯದು 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣವಾಯಿತು. ಪ್ರತಿಯೊಂದು ಉಪಗ್ರಹದಲ್ಲೂ ಅತಿ ನಿಖರವಾದ ಗಡಿಯಾರವಿದೆ. ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದು ಅದು ಸದಾ ಸಾರುತ್ತಿರುತ್ತದೆ. ಆ ಸುದ್ದಿ ಬೆಳಕಿನ ವೇಗದಲ್ಲಿ ಬಂದರೂ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತೆಂಬುದನ್ನು ಅಳೆದರೆ ಎಷ್ಟು ದೂರದಿಂದ ಬಂತೆಂಬುದು ತಿಳಿಯುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಗಾಡಿ ನಿಂತಿರುವ ಜಾಗ ಗೊತ್ತಾಯಿತು. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ 300 ಮೀಟರ್ ತಪ್ಪಿದಂತೆ! 2000ನೆಯ ಇಸವಿಯ ಮೇ ತಿಂಗಳಿನವರೆಗೆ ಅಮೆರಿಕದವರು ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಸ್ವಲ್ಪ ಕೆಡಿಸಿ ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಈ ವಿದ್ಯೆ ಬಡವರ ಗಾಡಿಯವರೆಗೂ ಬಂದುದು. ನಮ್ಮ ದೇಶವೂ 2013ರ ಜುಲೈ 1ರಂದು ಇದೇ ಉದ್ದೇಶದ ತನ್ನ ಮೊದಲ ಉಪಗ್ರಹವನ್ನು ಹಾರಿಸಿತು. ನಾವಿಕ್ ಎಂದು ಆ ವ್ಯವಸ್ಥೆಯ ಹೆಸರು. ಅದರ ನೆಲದ ಕೇಂದ್ರವೊಂದು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿದೆ ಎಂಬುದು ನಮಗೆ ಸಂತೋಷದ ವಿಷಯ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನಮ್ಮ ಪಾಟಿ ಆಕಾಶದ ಮಾತನ್ನು ಕೇಳುತ್ತದೆಯೇ ಹೊರತು ತಾನೇನನ್ನೂ ಕಳಿಸುವುದಿಲ್ಲ. ರೇಡಿಯೋ ಕೇಳಿದ ಹಾಗೆ. ಅದಕ್ಕೆ ಸಿಮ್ ಬೇಕಾಗಿಲ್ಲ, ಅಂತರ್ಜಾಲ ಬೇಕಾಗಿಲ್ಲ, ಒಂದು ಕಾಸೂ ಖರ್ಚಿಲ್ಲ. ‘ನೆಟ್ ಇಲ್ಲದ ಕಡೆ ಜಿ.ಪಿ.ಎಸ್. ನಡೆಯುವುದಿಲ್ಲ’ ಎಂದು ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ನಂಬಿದ್ದಾರೆ. ಅದು ತಪ್ಪು. ನೆಟ್ ಇಲ್ಲದ ಕಡೆ ಬಾರದಿರುವುದು ನಕಾಶೆಯ ಚಿತ್ರ. ಕಾಗದದ ಮೇಲೆ ಚುಕ್ಕೆ ಇಡುವವನು ಇದ್ದಾನೆ, ಕಾಗದ ಮಾತ್ರ ಇಲ್ಲ, ಅಷ್ಟೆ. ಕಾಗದವನ್ನು ಮೊದಲೇ ಕಟ್ಟಿಕೊಂಡು ಹೊರಟರೆ ಕಾಡಿನ ನಡುವೆಯೂ ಚುಕ್ಕೆ ಬೀಳುತ್ತದೆ.

ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಇದರಲ್ಲಿ ಜಿ.ಪಿ.ಎಸ್. ಇದೆಯೇ?’ ಆಪಲ್ ಕಂಪನಿಯ ಐಪ್ಯಾಡಿನಲ್ಲಿ ಸಿಮ್ ನಡೆಯುವ ಮಾದರಿಗೆ ಮಾತ್ರ ಅದು ಇರುತ್ತದೆ. ಬರಿಯ ವೈ-ಫೈ ಮಾದರಿಗೆ ಇಲ್ಲ. ಆಂಡ್ರಾಯ್ಡ್ ಪಾಟಿಗಳಲ್ಲಿ ಕೆಲವು ವೈ-ಫೈ ಮಾದರಿಗಳಲ್ಲೂ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಅದಕ್ಕಿಂತ ಒಳ್ಳೆಯದು ಪರೀಕ್ಷೆ. ಅಂಗಡಿಯಲ್ಲಿ ನಕಾಶೆ ತೆರೆದು, ವೈ-ಫೈ ಆರಿಸಿ, ಬಾಗಿಲ ಹೊರಗೆ ಬಯಲಿಗೆ ಬಂದು ನೂರು ಹೆಜ್ಜೆ ನಡೆಯಿರಿ. ಚುಕ್ಕೆ ನಿಮ್ಮ ಜೊತೆಗೆ ನಡೆದರೆ ಹಣ ಕೊಡಿ. ಮೊದಲ ಸಲ ಕೆಲವು ನಿಮಿಷ ಹಿಡಿದೀತು. ಅಂಗಡಿಯವನ ಮುಖ ನೋಡಿ ಅವಸರಪಡಬೇಡಿ. ಜಿ.ಪಿ.ಎಸ್. ಇಲ್ಲದ್ದನ್ನು ಈಗಾಗಲೇ ಕೊಂಡವರು ಬೇಸರಪಡಬೇಕಾಗಿಲ್ಲ. ದಾರಿಯ ಕೆಲಸವನ್ನು ದೂರವಾಣಿಗೆ ಬಿಟ್ಟು, ಪಾಟಿಯನ್ನು ಸಿನಿಮಾ ಪುಸ್ತಕಗಳಿಗೆ ಇಟ್ಟುಕೊಂಡರಾಯಿತು. ನಮ್ಮ ವಿಜಯಪುರದವರೂ ಹಾಗೆಯೇ ಮಾಡಿದ್ದಾರೆ.

ಇನ್ನು ನಕಾಶೆಯನ್ನು ಕಟ್ಟಿಕೊಳ್ಳುವ ಮಾತು. ನಮ್ಮ ಹಿರಿಯರು ಪರವೂರಿಗೆ ಹೊರಡುವಾಗ ರೊಟ್ಟಿ ಚಟ್ನಿಪುಡಿಯ ಬುತ್ತಿ ಕಟ್ಟುತ್ತಿದ್ದರು. ದಾರಿಯಲ್ಲಿ ಸಿಕ್ಕೀತೆಂದು ಯಾರೂ ಬರಿಗೈಯಲ್ಲಿ ಹೊರಡುತ್ತಿರಲಿಲ್ಲ. ಪಾಟಿಗೂ ಬುತ್ತಿ ಬೇಕು. ಗೂಗಲ್ ನಕಾಶೆಯಲ್ಲಿ ಬೇಕಾದ ಪ್ರದೇಶವನ್ನು ಆರಿಸಿ ಇಳಿಸಿಕೊಳ್ಳಬಹುದು. ಪನ್ವೇಲಿನಿಂದ ಮಹಾಡ, ಚಿಪ್ಳೂಣ, ಕಾರವಾರಗಳ ಮೇಲೆ ಮಂಗಳೂರಿಗೆ ಹೋಗುವ 66ನೆಯ ಹೆದ್ದಾರಿಯವರು ಕರಾವಳಿಯ ಉದ್ದಕ್ಕೂ ತುಂಡುತುಂಡಾಗಿ ಇಳಿಸಿಕೊಳ್ಳಬೇಕು. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ 48ನೆಯ ಹೆದ್ದಾರಿಯವರು ತಮ್ಮ ದಾರಿಯದನ್ನು. ಅದನ್ನು ಆಗಾಗ ಹೊಸದು ಮಾಡಿಕೊಳ್ಳದಿದ್ದರೆ ಹಳಸಿದ ಬುತ್ತಿಯಂತೆ ಅದೂ ಕೆಲಸಕ್ಕೆ ಬಾರದಾಗುತ್ತದೆ. ಆರ್ಗಾನಿಕ್ ಮ್ಯಾಪ್ಸ್ ಎಂಬ ಇನ್ನೊಂದುಂಟು. ಪುಕ್ಕಟೆ, ಜಾಹೀರಾತಿನ ಕಾಟವೂ ಇಲ್ಲ. ದೊಡ್ಡ ಪ್ರದೇಶದ ನಕಾಶೆ ಒಮ್ಮೆಗೇ ಬರುತ್ತದೆ. ಅದು ಬಳಸುವುದು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಯನ್ನು. ಜಗತ್ತಿನ ಸಾಮಾನ್ಯ ಜನರೇ ಕೂಡಿ ಬರೆದದ್ದು. ನೀವು ಕಂಡ ಹೊಸ ರಸ್ತೆಯನ್ನೂ ಅದಕ್ಕೆ ಸೇರಿಸಬಹುದು. ಬುತ್ತಿಯ ನಕಾಶೆಯಲ್ಲಿ ಮುಂದೆ ಎಲ್ಲಿ ಗಾಡಿಗಳು ನಿಂತಿವೆ, ಎಲ್ಲಿ ಇಂದು ರಸ್ತೆ ಮುಚ್ಚಿದೆ ಎಂಬ ಸುದ್ದಿ ಮಾತ್ರ ಇರುವುದಿಲ್ಲ.

ಎಷ್ಟೇ ಒಳ್ಳೆಯ ನಕಾಶೆಯಾದರೂ ಅದು ಬರೆದದ್ದು ಹೆಚ್ಚಾಗಿ ಮೋಟಾರು ಕಾರಿನವರಿಗಾಗಿ ಎಂಬುದನ್ನು ಲಾರಿಯವರು ಮರೆಯಬಾರದು. ಹತ್ತು ನಿಮಿಷ ಉಳಿಯುತ್ತದೆಂದು ಅದು ಹಳ್ಳಿಯ ಒಳದಾರಿ ತೋರಿಸುತ್ತದೆ. ಅಲ್ಲಿ ತಗ್ಗಾದ ವಿದ್ಯುತ್ ತಂತಿ, ರೈಲಿನ ಕೆಳಗಿನ ಗಿಡ್ಡ ಸೇತುವೆ. ಇತ್ತ ಹೋಗುವಂತಿಲ್ಲ, ಹಿಂದೆ ತಿರುಗಿಸಲು ಜಾಗವಿಲ್ಲ. ಆಗುಂಬೆಯ ಘಟ್ಟವನ್ನೇ ನೋಡಿ. ಭಾರೀ ವಾಹನಗಳಿಗೆ ಅಲ್ಲಿ ನಿರ್ಬಂಧ. ನಕಾಶೆಗೆ ಅದರ ಚಿಂತೆ ಇಲ್ಲ. ಮುಂಬಯಿಯ ಒಳಗೆ ಭಾರೀ ವಾಹನಗಳಿಗೆ ಯಾವ ಹೊತ್ತಿನಲ್ಲಿ ಪ್ರವೇಶವಿಲ್ಲ ಎಂಬುದನ್ನೂ ಅದು ಹೇಳದು. ಮೇಲುಸೇತುವೆ, ಅದರ ಕೆಳಗಿನ ರಸ್ತೆ ಒಂದರ ಮೇಲೊಂದಿರುವ ಕಡೆ ನೀವು ಯಾವುದರಲ್ಲಿದ್ದೀರಿ ಎಂದು ಅದಕ್ಕೆ ತಿಳಿಯುವುದೂ ಕಷ್ಟ. ಸುರಂಗದೊಳಗೆ ಆಕಾಶವೇ ಇಲ್ಲವಾದ್ದರಿಂದ ಸಂಕೇತವೂ ಇಲ್ಲ.

ಇದು ಬರಿಯ ತೊಂದರೆಯ ಮಾತಲ್ಲ, ಪ್ರಾಣದ ಮಾತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಕಡೆ ಮೂವರು ಕಾರಿನಲ್ಲಿ ಹೋಗುತ್ತಿದ್ದರು. ರಾಮಗಂಗಾ ನದಿಯ ಸೇತುವೆಯೊಂದರ ಮುಂದಿನ ಭಾಗ ನೆರೆಯಲ್ಲಿ ಕೊಚ್ಚಿಹೋಗಿತ್ತು. ಯಂತ್ರ ತೋರಿಸಿದ ದಾರಿಯನ್ನೇ ಹಿಡಿದು ಬಂದ ಕಾರು ಆ ಮುರಿದ ತುದಿಯಿಂದ ಕೆಳಗುರುಳಿ ಮೂವರೂ ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು. ಅಡ್ಡಗಟ್ಟೆ ಇಡದವರದು ತಪ್ಪು, ನಿಜ. ಆದರೆ ನಮ್ಮ ಹಳೆಯ ಚಾಲಕರಲ್ಲಿ ಒಂದು ಪದ್ಧತಿಯುಂಟು. ಎದುರಿನಿಂದ ಬಹಳ ಹೊತ್ತು ಒಂದೂ ಗಾಡಿ ಬಾರದಿದ್ದರೆ ನಿಲ್ಲಿಸಿ, ಇಳಿದು, ಯಾರನ್ನಾದರೂ ಕೇಳುವುದು. ‘ಅಣ್ಣಾ, ಈ ರಸ್ತೆ ಮುಂದೆ ಹೋಗುತ್ತದೆಯೇ?’ ಈ ಪ್ರಶ್ನೆಯನ್ನು ಪಾಟಿ ಬಂದ ಮೇಲೂ ಬಿಡಬೇಕಾಗಿಲ್ಲ. ಎಳೆಯ ಚಾಲಕರು ಕೇಳಲು ನಾಚುತ್ತಾರೆಂದು ಕಾಣುತ್ತದೆ. ಪರದೆ ಎದುರಿಗಿರುವಾಗ ಕೇಳಿದರೆ ದಡ್ಡತನವೆಂದು ಅವರ ಭಾವನೆ. ನನಗಂತೂ ಅದು ದಡ್ಡತನವಾಗಿ ತೋರುವುದಿಲ್ಲ.

ಕಾಯಿದೆಯ ಮಾತನ್ನೂ ಹೇಳಿಬಿಡುತ್ತೇನೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ ಓಡಿಸುತ್ತ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದು ಅಪಾಯಕರ ಚಾಲನೆ. ಮೊದಲ ತಪ್ಪಿಗೇ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಆರು ತಿಂಗಳಿಂದ ಒಂದು ವರ್ಷದ ಸೆರೆ, ಎರಡೂ ಆಗಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ದಾರಿ ನೋಡುವುದಕ್ಕೆ ಮಾತ್ರ ಅನುಮತಿ ಕೊಟ್ಟಿದೆ, ಅದೂ ಚಾಲಕನ ಗಮನ ಕೆಡದಂತೆ. ಎಂದರೆ ಓಡುವ ಗಾಡಿಯಲ್ಲಿ ಸಿನಿಮಾ ಸಲ್ಲದು, ಹಾಡಿನ ಚಿತ್ರವೂ ಸಲ್ಲದು. ಪಾಟಿಯನ್ನು ಹಿಡಿಕೆಯಲ್ಲಿ ಭದ್ರವಾಗಿ ಕೂರಿಸಬೇಕು, ಆದರೆ ಗಾಜಿನ ನಡುವೆ ಅಲ್ಲ. ಎದುರಿನ ರಸ್ತೆಯನ್ನು ಪಾಟಿಯೇ ಮುಚ್ಚಿಬಿಟ್ಟರೆ ದಾರಿ ತೋರಿಸಿ ಏನು ಫಲ? ದಾರಿಯನ್ನು ಕಿವಿಯಿಂದ ಕೇಳಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. 2018ರಲ್ಲಿ ಗೂಗಲ್ ನಕಾಶೆ ಕನ್ನಡವೂ ಸೇರಿ ಆರು ಭಾರತೀಯ ಭಾಷೆಗಳಲ್ಲಿ ದಾರಿ ಹೇಳತೊಡಗಿತು. ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿದರಾಯಿತು. ಅದರ ಕನ್ನಡ ಸ್ವಲ್ಪ ಪೆಡಸು, ನಮ್ಮ ಊರ ಹೆಸರುಗಳನ್ನು ಅದು ಹೇಳುವ ಬಗೆಗೆ ನಗು ಬಂದೀತು. ಆದರೂ ನಡುರಾತ್ರಿಯಲ್ಲಿ ಪರನಾಡಿನ ರಸ್ತೆಯ ಮೇಲೆ ‘ಎಡಕ್ಕೆ ತಿರುಗಿ’ ಎಂಬ ಕನ್ನಡದ ಮಾತು ಕೇಳುವುದು ಒಂದು ಸುಖ.

ವಿದ್ಯುತ್ತಿನ ವಿಷಯದಲ್ಲಿ ಎರಡೇ ಎಚ್ಚರಿಕೆ. ಸಣ್ಣ ಟೆಂಪೊ ವ್ಯಾನುಗಳದು 12 ವೋಲ್ಟ್. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಕೂಡಿಸಿ 24 ವೋಲ್ಟ್. ಚಾರ್ಜರಿನ ಮೇಲೆ ‘12–24’ ಎಂದು ಬರೆದಿದ್ದರೆ ಎರಡಕ್ಕೂ ನಡೆಯುತ್ತದೆ. 12 ಎಂದಷ್ಟೇ ಇದ್ದರೆ ಲಾರಿಗೆ ಹಾಕಬೇಡಿ, ಸುಟ್ಟೀತು. ಒಂದು ಆಂಪಿಯರಿನ ಅಗ್ಗದ ಚಾರ್ಜರು ಪರದೆ ಉರಿಯುತ್ತಿರುವ ಪಾಟಿಯ ಹಸಿವು ತೀರಿಸಲಾರದು, ಎರಡಾದರೂ ಬೇಕು. ಇನ್ನೊಂದು, ಬಿಸಿಲು. 35 ಡಿಗ್ರಿಯ ಮೇಲಿನ ಸೆಕೆಯಲ್ಲಿ ಐಪ್ಯಾಡನ್ನು ಬಳಸಬೇಡಿ ಎಂದು ತಯಾರಿಸಿದವರೇ ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಸೋಲಾಪುರದ ದಾರಿಯಲ್ಲಿ ಗಾಜಿನ ಹಿಂದಿನ ಸೆಕೆ ಎಷ್ಟೆಂದು ಚಾಲಕರನ್ನೇ ಕೇಳಿ. ಹೊತ್ತು ಬಂದಾಗ ಪಾಟಿ ತಾನಾಗಿ ಆರಿಬಿಡುತ್ತದೆ. ಹಾಗೆಯೇ ಮುಂದುವರಿದರೆ ಬ್ಯಾಟರಿ ಉಬ್ಬಿ ಅಪಾಯವೂ ಆದೀತು. ಗಾಡಿ ನಿಲ್ಲಿಸಿ ಊಟಕ್ಕೆ ಇಳಿಯುವಾಗ ಅದನ್ನು ಸೀಟಿನ ಕೆಳಗಿಡಿ. ಬಿಸಿಲಿಂದಲೂ ಕಳ್ಳರಿಂದಲೂ ಕ್ಷೇಮ.

ಈಗ ಬೇಸರ ಕಳೆಯುವ ಮಾತು. ಸರಕು ಇಳಿಸುವ ಸರದಿಗಾಗಿ ಬಂದರಿನ ಹೊರಗೆ ಎರಡು ದಿನ ನಿಂತವರಿಗೆ ಆ ಬೇಸರ ಎಂಥದೆಂದು ಗೊತ್ತು. ಹಿಂದೆ ಇಸ್ಪೀಟು, ಅದರ ಹಿಂದೆ ಹಣ, ಅದರ ಹಿಂದೆ ಜಗಳ. ಪಾಟಿ ಬಂದು ಅದೆಷ್ಟೋ ಕಡಿಮೆಯಾಗಿದೆ ಎಂದು ನಾನು ಕಣ್ಣಾರೆ ಕಂಡು ಹೇಳುತ್ತೇನೆ. ಆದರೆ ದಾರಿಯಲ್ಲಿ ನೆಟ್ಟಿನ ಮೂಲಕ ಸಿನಿಮಾ ನೋಡುವುದು ದುಬಾರಿ. ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಗಂಟೆಗೆ ಸುಮಾರು 700 ಎಂ.ಬಿ. ಬೇಕು, ದಿನಕ್ಕೆ ಒಂದೂವರೆ ಜಿ.ಬಿ.ಯವನದು ಎರಡು ಗಂಟೆಗೆ ಮುಗಿದು, ಮನೆಗೆ ಮುಖ ತೋರಿಸಿ ಮಾತನಾಡಲು ಏನೂ ಉಳಿಯದು. ಇಲ್ಲೂ ಬುತ್ತಿಯೇ ಗತಿ. 64 ಜಿ.ಬಿ.ಯ ಬೆರಳುಗುರಿನಷ್ಟು ಕಾರ್ಡಿನಲ್ಲಿ ಮೂವತ್ತು ಚಿತ್ರ ಹಿಡಿಯುತ್ತವೆ. ಹಾಡುಗಳಾದರೆ ಸಾವಿರಕ್ಕೆ ಐದಾರು ಜಿ.ಬಿ. ಸಾಕು. ಕೆಲವು ಆ್ಯಪುಗಳಲ್ಲಿ ಇಳಿಸಿಕೊಂಡದ್ದು ಕೆಲವು ದಿನಗಳಾದ ಮೇಲೆ ತೆರೆಯುವುದಿಲ್ಲ, ಮತ್ತೆ ಒಮ್ಮೆ ನೆಟ್ಟಿಗೆ ಮುಟ್ಟಿಸಬೇಕು. ಅದನ್ನು ಹೊರಡುವ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ನಮ್ಮ ಕರಾವಳಿಯ ಚಾಲಕರ ಪಾಟಿಯಲ್ಲಿ ಯಕ್ಷಗಾನದ ಪ್ರಸಂಗಗಳು ತುಂಬಿರುತ್ತವೆ. ಬೆಳತನಕದ ಆಟವನ್ನು ಮೂರು ರಾತ್ರಿಗೆ ಹಂಚಿಕೊಂಡು ನೋಡುವವರಿದ್ದಾರೆ. ಬೆಳಗಾವಿ, ಬಾಗಲಕೋಟೆಯ ಕಡೆಯವರದರಲ್ಲಿ ಪಾರಿಜಾತ, ಗೀಗೀ ಪದ, ಭಜನೆಯ ಪದ. ಭಾಷೆ ಬಲ್ಲದವರೂ ಪಕ್ಕದ ಲಾರಿಯಿಂದ ಬಂದು ಕೂರುತ್ತಾರೆ. ಚೆಂಡೆಗೆ ಭಾಷೆ ಏಕೆ? ಓದುವವರಿಗೂ ದಾರಿಯಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಆ್ಯಪಿನ ಮೂಲಕ ಇಡಿಯಾಗಿ ಇಳಿಸಿಟ್ಟುಕೊಂಡರೆ ನೆಟ್ಟಿಲ್ಲದೆ ಓದಬಹುದು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಲಾರಿಯ ಮಂದ ದೀಪದಲ್ಲಿ ಇದು ದೊಡ್ಡ ಉಪಕಾರ. ನನಗೆ ಗೊತ್ತಿರುವ ಒಬ್ಬ ಕ್ಲೀನರ್ ಹುಡುಗ ರಸ್ತೆಯ ಸಂಕೇತಗಳ ಚಿತ್ರಗಳನ್ನೂ ಲೈಸೆನ್ಸಿನ ಪರೀಕ್ಷೆಯ ಪ್ರಶ್ನೆಗಳನ್ನೂ ತುಂಬಿಕೊಂಡು ದಿನಾ ಹತ್ತು ಕಲಿಯುತ್ತಾನೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಮೊದಲು ಲಘು ವಾಹನದ್ದನ್ನು ಒಂದು ವರ್ಷವಾದರೂ ಹೊಂದಿರಬೇಕೆಂಬ ನಿಯಮವಿದೆ. ಆ ವರ್ಷ ಅವನಿಗೆ ಈ ದೀಪಾವಳಿಗೆ ತುಂಬುತ್ತದೆ. ಅವನ ಧಣಿ ಪಾಟಿಯನ್ನು ರಾತ್ರಿ ಅವನಿಗೇ ಬಿಟ್ಟುಕೊಡುತ್ತಾರೆ. ಇಂಥ ಧಣಿಗಳು ಹೆಚ್ಚಾಗಲಿ.

ಕೇಡೂ ಇಲ್ಲದಿಲ್ಲ. ಪರದೆ ನಿದ್ದೆಯನ್ನು ತಿನ್ನುತ್ತದೆ. ಕಚೇರಿಯ ಗುಮಾಸ್ತ ರಾತ್ರಿ ಎರಡರ ತನಕ ಸಿನಿಮಾ ನೋಡಿದರೆ ಮರುದಿನ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪೀತು. ನಾಲ್ಕಕ್ಕೆ ಎದ್ದು ಕಶೇಡಿ ಘಟ್ಟ ಇಳಿಸಬೇಕಾದವನ ಸಂಗತಿ ಬೇರೆ. ಕೆಲವು ಚಾಲಕರು ಪಾಟಿಯಲ್ಲೇ ಅಲಾರಾಂ ಇಡುತ್ತಾರೆ, ಎದ್ದೇಳುವುದಕ್ಕಲ್ಲ, ಆರಿಸಿ ಮಲಗುವುದಕ್ಕೆ. ಹತ್ತು ಗಂಟೆಗೆ ಅದು ಕೂಗಿದರೆ ಕಥೆ ಎಲ್ಲಿದ್ದರೂ ಅಲ್ಲಿಗೆ ಬಿಡುವುದು. ನನಗೆ ಮೆಚ್ಚಿಕೆಯಾದ ಉಪಾಯ.

ಕೊನೆಯದಾಗಿ, ಊರಲ್ಲಿ ಕಾದಿರುವವರ ಮಾತು. ವಾಟ್ಸಾಪಿನಲ್ಲಿ ತಾನಿರುವ ಜಾಗವನ್ನು ಮನೆಯವರಿಗೆ ಕಾಣುವಂತೆ ಮಾಡಬಹುದು, ಕಾಲು ಗಂಟೆ, ಒಂದು ಗಂಟೆ, ಇಲ್ಲವೆ ಎಂಟು ಗಂಟೆಯ ತನಕ. ಇದಕ್ಕೆ ಮಾತ್ರ ನೆಟ್ ಬೇಕು. ಘಟ್ಟದಲ್ಲಿ ಚುಕ್ಕೆ ನಿಂತುಹೋದರೆ ಗಾಬರಿಯಾಗಬೇಡಿರೆಂದು ಮನೆಯವರಿಗೆ ಮೊದಲೇ ತಿಳಿಸಿಡಬೇಕು. ಕುಂದಾಪುರದ ಕಡೆಯ ಒಬ್ಬ ತಾಯಿ ಮಗನ ಚುಕ್ಕೆ ನೋಡಿ, “ಮಗಾ, ಊಟ ಮಾಡ್ದ್ಯಾ?” ಎಂದು ಸರಿಯಾಗಿ ಅವನು ಢಾಬಾದಲ್ಲಿ ನಿಂತ ಹೊತ್ತಿಗೇ ಕೇಳುತ್ತಾರಂತೆ. ಎಂಟು ಗಂಟೆಯಾದ ಮೇಲೆ ಆ ಚುಕ್ಕೆ ತಾನಾಗಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಮಗ ಗಾಡಿ ಬದಿಗೆ ಹಾಕಿ ಒಂದು ಮಾತು ಆಡಲಿ ಎಂದು ಅವರು ಕಟ್ಟಳೆ ಮಾಡಿದ್ದಾರೆ. ಆಡಿದ ಮೇಲೆಯೇ ಮತ್ತೆ ಹೊರಡುವುದು.

ಜಿ.ಪಿ.ಎಸ್. ಇದೆಯೋ ಇಲ್ಲವೋ ಎಂದು ನೋಡಬೇಕಾದವರು ತಮ್ಮ ತಮ್ಮ ಪಾಟಿ ತಂದಿದ್ದರೆ ಈಗಲೇ ಹೊರಗಿನ ಅಂಗಳಕ್ಕೆ ಬರಲಿ, ನೋಡೋಣ.